ಮೈಮೇಲೆ ಬಂದ ಸಕ್ಕರೆ

ನಾನು ಮಹಾ ದೈವಭಕ್ತೆ ಎಂಬ ಹೆಸರು ಶಿಡ್ಲಘಟ್ಟದಿಂದ ಮಂಚೇನಹಳ್ಳಿಯವರೆಗೆ ಹಬ್ಬಿತ್ತು. ನಿಜ ಹೇಳಬೇಕೆಂದರೆ ನನಗೆ ಒಂದು ಮಂಗಳಾರತಿ ಹಾಡೂ ಪೂರ್ತಿ ಬರುವುದಿಲ್ಲ. ಎರಡನೆಯ ನುಡಿಯ ಆಚೆಗೆ ಬರೀ ಗುನುಗುತ್ತೇನೆ.

ಈ ಕೀರ್ತಿಗೆಲ್ಲ ಕಾರಣ ಶುಗರ್. ನನಗೆ ಹದಿನಾಲ್ಕನೇ ವಯಸ್ಸಿಗೇ ಬಂತು. ನಮ್ಮ ಕಡೆ ಅರವತ್ತಕ್ಕೆ ಬಂದರೆ ಅದೊಂದು ಪದವಿ. ಅರಳಿಕಟ್ಟೆಯ ಮೇಲೆ ಕೂತು "ನಂದು ಇನ್ನೂರೈವತ್ತು, ನಿಂದೆಷ್ಟಪ್ಪ?" ಎಂದು ಹಿರಿಯರು ಮೀಸೆ ತಿರುವುತ್ತಾರೆ. ಹದಿನಾಲ್ಕಕ್ಕೆ ಬಂದರೆ ಮಾತ್ರ ಅದು ಮನೆತನದ ಮರ್ಯಾದೆ ಪ್ರಶ್ನೆ. ಚಾಕ್ಲೇಟ್ ಜಾಸ್ತಿ ತಿನ್ನಿಸಿದ್ದಾರೆ ಎನ್ನುವವರು ಕೆಲವರು, ಹಾಗಲಕಾಯಿ ರಸ ಹಿಡಿದು ಬರುವವರು ಕೆಲವರು. ನಮ್ಮ ಭಾಷೆಯೂ ವಿಚಿತ್ರ. ಒಳ್ಳೆಯ ಮಾತಾಡಿದವರ ಬಾಯಿಗೆ ಸಕ್ಕರೆ ಹಾಕುತ್ತೇವೆ, ಅಕ್ಕರೆಗೆ ಪ್ರಾಸ ಬೇಕೆಂದರೆ ಸಕ್ಕರೆಯನ್ನೇ ಕರೆಯುತ್ತೇವೆ, ಕಾಯಿಲೆಗೆ ಸಂಸ್ಕೃತದಲ್ಲಿ ಹೆಸರಿಡುವಾಗಲೂ ಮಧು ಎಂದೇ ಶುರು ಮಾಡುತ್ತೇವೆ. ಆ ಸಿಹಿ ಹೆಸರಿನ ಕಾಯಿಲೆ ಬಂದ ಹುಡುಗಿಯನ್ನು ಕಂಡಾಗ ಮಾತ್ರ ಮುಖ ಕಹಿ ಮಾಡಿಕೊಳ್ಳುತ್ತೇವೆ.

"ಹೆಣ್ಣು ಹುಡುಗಿ ಕಣೇ. ಗೊತ್ತಾದ್ರೆ ನಾಳೆ ಯಾರು ಒಪ್ತಾರೆ?" ಎಂದು ಅಮ್ಮ ಹೆದರಿದಳು. ಹೆದರಿದವಳು ಉಪಾಯವನ್ನೂ ಹುಡುಕಿದಳು. ನೆಂಟರ ಮನೆಗೆ ಹೋದಾಗ, ಊಟಕ್ಕೆ ಮುಂಚೆ, "ಅವಳು ಪೂಜೆ ಮಾಡ್ದೆ ತಿನ್ನಲ್ಲ" ಎಂದು ನನ್ನನ್ನು ದೇವರ ಕೋಣೆಗೆ ಕಳಿಸುವುದು. ನಾನು ಬಾಗಿಲು ಹಾಕಿಕೊಂಡು ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡು, ನಂಬಿಕೆ ಬರಲೆಂದು ಒಂದಿಷ್ಟು ಗಂಟೆ ಬಾರಿಸಿ, ಹಣೆಗೆ ಕುಂಕುಮ ಇಟ್ಟುಕೊಂಡು ಹೊರಬರುವುದು. ಒಳಗಿದ್ದ ದೇವರು ಪಾಪ, ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಹೀಗೇ ನಡೆಯುತ್ತಿತ್ತೇನೋ. ಆದರೆ ಮಂಚೇನಹಳ್ಳಿಯ ದೊಡ್ಡತ್ತೆ, ಅಂದರೆ ನಮ್ಮಪ್ಪನ ಅಕ್ಕ, ಮೊಮ್ಮಗಳ ನಾಮಕರಣಕ್ಕೆ ಕರೆದರು. ನಾನು ವಾಡಿಕೆಯಂತೆ 'ಪೂಜೆ' ಮುಗಿಸಿ ಹೊರಬಂದೆ. ಇನ್ಸುಲಿನ್ ಒಳಗೆ ಹೋದ ಮೇಲೆ ಊಟ ತಡವಾಗಬಾರದು, ತಡವಾದರೆ ರಕ್ತದ ಸಕ್ಕರೆ ತೀರಾ ಇಳಿದುಬಿಡುತ್ತದೆ. ದೊಡ್ಡತ್ತೆಗೆ ಅದು ಗೊತ್ತಿರಬೇಕಲ್ಲ.

"ನೋಡ್ರಮ್ಮ, ಹುಡುಗಿ ಅಂದ್ರೆ ಹಿಂಗಿರ್ಬೇಕು. ಇವಳ ಕೈಲೇ ಆರತಿ ಹಾಡ್ಸಣ, ಆಮೇಲೆ ಎಲೆ ಹಾಕಣ" ಎಂದರು.

ತಟ್ಟೆ ಕೈಗೆ ಬಂತು. ಒಂದು ಹಾಡನ್ನು ಅರ್ಧ ಹಾಡಿದೆ, ಅರ್ಧ ಗುನುಗಿದೆ. ಇನ್ನೊಂದಾಗಲಿ ಎಂದರು. ಗ್ಲೂಕೋಸ್ ಇದ್ದ ಬ್ಯಾಗು ಅಪ್ಪನ ಕಾರಿನಲ್ಲಿತ್ತು, ಕಾರು ಬಾಳೆಎಲೆ ತರಲು ಹೋಗಿತ್ತು. ಮೂರನೆಯ ಹಾಡಿಗೆ ಬೆವರಿಳಿಯಿತು, ಕೈ ಗಡಗಡ ನಡುಗಿತು, ಕಣ್ಣು ಮಂಜಾಯಿತು. ಯಾರೋ ಓಡಿಬಂದು ತಟ್ಟೆ ಹಿಡಿದುಕೊಂಡರು. "ಮೈಮೇಲೆ ಅಮ್ಮ ಬಂದವ್ಳೆ" ಎಂದು ಹಿಂದಿನಿಂದ ಕೂಗು ಕೇಳಿಸಿತು.

ಮುಗಿಯಿತು ಕತೆ. ಬೇವಿನ ಸೊಪ್ಪು ಬಂತು, ನಿಂಬೆಹಣ್ಣು ಬಂತು. ಚಿಂತಾಮಣಿಯಿಂದ ಬಂದಿದ್ದ ಅಜ್ಜಿಯೊಬ್ಬರು ನನ್ನ ಕಾಲು ಹಿಡಿದು "ತಲ್ಲೀ", ತಾಯೀ ಎಂದು, ಮಗನ ಮದುವೆ ಯಾವಾಗ ಎಂದು ತೆಲುಗಿನಲ್ಲಿ ವಿಚಾರಿಸತೊಡಗಿದರು. ನನಗೆ ಹೆದರಿಕೆಯಾಯಿತು. ಅಲ್ಲೇ ಬಿದ್ದರೆ ಇವರು ಆಸ್ಪತ್ರೆಗೆ ಒಯ್ಯುವುದಿಲ್ಲ, ಕರ್ಪೂರ ಹಚ್ಚುತ್ತಾರೆ. ಇದ್ದ ಶಕ್ತಿಯನ್ನೆಲ್ಲ ಒಟ್ಟು ಮಾಡಿ "ಸಕ್ಕರೆ" ಎಂದೆ.

"ಅಮ್ಮನೋರು ಸಕ್ಕರೆ ಕೇಳ್ತಾವ್ರೆ."

ತಟ್ಟೆ ತುಂಬ ಬಂತು. ನಾನು ಗಬಗಬನೆ ಮುಕ್ಕಿದೆ. ಸ್ವಲ್ಪ ಹೊತ್ತಿಗೆ ನಡುಕ ಇಳಿಯಿತು, ಎದುರಿಗೆ ಕೈಮುಗಿದು ನಿಂತವರ ಮುಖಗಳು ಸರಿಯಾಗಿ ಕಂಡವು. ಅಮ್ಮ ಕಣ್ಣಲ್ಲೇ ಸುಮ್ಮನಿರು ಎಂದಳು. ಇರಬಹುದಿತ್ತು. ಇದ್ದಿದ್ದರೆ ಇಷ್ಟು ಹೊತ್ತಿಗೆ ನನಗೊಂದು ಗುಡಿಯೇ ಎದ್ದಿರುತ್ತಿತ್ತು. ಆದರೆ ಮುಂದಿನ ಸಲವೂ ಹಾಡಿಸಿದರೆ ಬದುಕುವ ಖಾತ್ರಿ ಇರಲಿಲ್ಲ.

"ಅತ್ತೆ, ದೇವ್ರೂ ಇಲ್ಲ, ಏನೂ ಇಲ್ಲ. ನಂಗೆ ಶುಗರ್. ಒಳಗೆ ನಾನು ಇನ್ಸುಲಿನ್ ತಗೊಳ್ತಿದ್ದೆ" ಎಂದೆ.

ಮುಗಿದ ಕೈಗಳು ಒಂದೊಂದಾಗಿ ಇಳಿದವು. ಚಿಂತಾಮಣಿಯ ಅಜ್ಜಿ ನನ್ನ ಕಾಲು ಬಿಟ್ಟು ತಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಅದು ನನಗೆ ಸೂಜಿಗಿಂತ ಜೋರಾಗಿ ಚುಚ್ಚಿತು.

"ದೇವಿ ಕೇಳಿದ್ರೆ ಓಡೋಡಿ ತರ್ತೀರ. ನಾನು ಕೇಳಿದ್ರೆ ಕೊಡ್ತಿದ್ರಾ ಅತ್ತೆ?" ಎಂದೆ.

ದೊಡ್ಡತ್ತೆ ಬೇವಿನ ಸೊಪ್ಪನ್ನು ಮೂಲೆಗಿಟ್ಟು ಬಂದು ಪಕ್ಕದಲ್ಲಿ ಕೂತರು. "ಕೊಡ್ದೆ ಏನಮ್ಮ? ದೇವ್ರಿಗಾದ್ರೆ ಒಂದು ಚಿಟಿಕೆ ಇಟ್ರೂ ನಡೀತದೆ. ನಿಂಗೆ ಎಷ್ಟು ಅಂತ ಗೊತ್ತಿರ್ಬೇಕಲ್ಲ" ಎಂದರು.

ನಾನು ಉತ್ತರ ಕೊಡುವ ಮೊದಲೇ, ನಾನು ನಿಜ ಹೇಳಿದಾಗಿನಿಂದ ಗೋಡೆ ಕಡೆ ತಿರುಗಿ ನಿಂತಿದ್ದ ಅಮ್ಮ ಈ ಕಡೆ ತಿರುಗಿದಳು.

"ಮೂರು ಚಮಚ, ಅಕ್ಕ. ನೀರಲ್ಲಿ ಕದಡಿ ಕೊಡ್ಬೇಕು" ಎಂದಳು. ಹೊರಗೆ ಚಪ್ಪರದಲ್ಲಿ ಕೂತಿದ್ದ ಗಂಡಸರಿಗೂ ಕೇಳುವಷ್ಟು ಗಟ್ಟಿಯಾಗಿ.