ನೀಲಾಂಬಿಕಾ ಅವರ ಪಿನ್ ಮನಿ

ಸಿಡ್ನಿಯ ವೆಸ್ಟ್‌ಮೀಡ್ ಸ್ಟೇಷನ್ ಹತ್ತಿರದ ಬಾಡಿಗೆ ಫ್ಲ್ಯಾಟಿನಲ್ಲಿ ನೀಲಾಂಬಿಕಾ ಬ್ಲೌಸ್ ಹೊಲಿಯುತ್ತಿದ್ದರು. ಧಾರವಾಡದವರು. ಗಂಡ ಶಶಿಧರ ಆಸ್ಪತ್ರೆಯ ಲ್ಯಾಬಿನಲ್ಲಿ ಸಂಶೋಧಕರು. ಬ್ಲೌಸಿಗೆ ಹನ್ನೆರಡು ಡಾಲರ್. ಲೈನಿಂಗ್ ಇದ್ದರೂ ಅಷ್ಟೇ. "ಆಂಟಿ, ನಾವು ನಿಮ್ಮವರೇ ಅಲ್ವಾ" ಎಂದು ಗಿರಾಕಿಗಳು ಅಂದರೆ ಹತ್ತಕ್ಕೂ ಒಪ್ಪುತ್ತಿದ್ದರು.

ಇಂಗ್ಲಿಷ್ ರೂಢಿಯಾಗಲೆಂದು ಮಂಗಳವಾರ ಲೈಬ್ರರಿಯ ತರಗತಿಗೆ ಹೋಗುತ್ತಿದ್ದರು. ಕಲಿಸುತ್ತಿದ್ದ ಡೋರೀನ್‌ಗೆ ಎಪ್ಪತ್ತೆಂಟು ವರ್ಷ. ಒಂದು ದಿನ ನೀಲಾಂಬಿಕಾ ಕೇಳಿದರು: "ಗಿರಾಕಿಯೊಬ್ಬರು ನನ್ನ ಹೊಲಿಗೆ ದುಡ್ಡನ್ನ ಪಿನ್ ಮನಿ ಅಂದರು. ಎಟಿಎಂ ಪಿನ್ನಾ?"

ಡೋರೀನ್ ನಕ್ಕು, ಬಿಡಿಸಿ ಹೇಳಿದರು. ಹಿಂದೆ ಇಂಗ್ಲೆಂಡಿನಲ್ಲಿ ಪಿನ್ನಿಗೂ, ಅಂದರೆ ಗುಂಡುಸೂಜಿಗೂ, ಬೆಲೆಯಿತ್ತಂತೆ. ಅದಕ್ಕೂ ಬಟ್ಟೆಬರೆಗೂ ಎಂದು ಗಂಡ ಹೆಂಡತಿಗೆ ವರ್ಷಕ್ಕಿಷ್ಟು ಎಂದು ಕೊಡುತ್ತಿದ್ದ. ಸಿರಿವಂತರಂತೂ ಮದುವೆಯ ಕರಾರಿನಲ್ಲೇ ಮೊತ್ತ ಬರೆಸುತ್ತಿದ್ದರು; ಅದು ಅವಳ ಹಕ್ಕಿನ ದುಡ್ಡು. ಬರಬರುತ್ತಾ ಆ ಮಾತು ಕೈಖರ್ಚಿನ ಚಿಲ್ಲರೆ ಅನ್ನುವ ಅರ್ಥಕ್ಕೆ ಇಳಿಯಿತು.

"ನಮ್ಮಮ್ಮ ಇಲ್ಲೇ ಸಿಡ್ನಿಯ ಅಂಗಿ ಕಾರ್ಖಾನೆಯಲ್ಲಿದ್ದಳು. ಗಂಡಸರಿಗಿಂತ ಕಡಿಮೆ ಸಂಬಳ. ಯಾಕೆ ಅಂತ ಕೇಳಿದ್ದಕ್ಕೆ ಮಾಲೀಕ, ನಿನಗಿದು ಪಿನ್ ಮನಿ ತಾನೇ ಅಂದನಂತೆ. ಅಪ್ಪ ತೀರಿಕೊಂಡಿದ್ದರು. ನಾವು ಮೂವರು ಮಕ್ಕಳು ಆ ದುಡ್ಡಲ್ಲೇ ಬೆಳೆದದ್ದು." ಆಮೇಲೆ ಡೋರೀನ್ ಕೇಳಿದರು, "ಒಂದು ಬ್ಲೌಸಿಗೆ ಎಷ್ಟು ಹೊತ್ತು ಬೇಕು?"

"ಮೂರು ಗಂಟೆ. ಹನ್ನೆರಡು ಡಾಲರ್ ತಗೋತೀನಿ."

"ಹಾಗಾದರೆ ನಿನ್ನ ರೇಟು ತಪ್ಪು."

ಮನೆಗೆ ಬಂದು ಗಂಡನಿಗೆ ಹೇಳಿದರು. "ಖರೇನ ಹೇಳ್ಯಾರ," ಅಂದರು ಶಶಿಧರ. "ನಾನೂ ಅದನ್ನ ಚಿಲ್ಲರೆ ಅಂತನ ತಿಳ್ಕೊಂಡಿದ್ದೆ ನೋಡು."

ನೀಲಾಂಬಿಕಾ ರೇಟನ್ನು ನಲವತ್ತೈದು ಮಾಡಿದರು. ಕೆಲವರು ಬಿಟ್ಟುಹೋದರು, ಉಳಿದವರು ಮರುಮಾತಾಡದೆ ಕೊಟ್ಟರು, ಹೊಸಬರನ್ನೂ ಕರೆತಂದರು.

ಮರುವರ್ಷ ಶಶಿಧರ ಅವರ ಕಾಂಟ್ರ್ಯಾಕ್ಟ್ ಮುಗಿಯಿತು. ಮೆಲ್ಬರ್ನ್‌ನಲ್ಲಿ ಕೆಲಸ ಸಿಗುವತನಕ ನಾಲ್ಕು ತಿಂಗಳ ರೆಂಟ್ ಕಟ್ಟಿದ್ದು ಆ ಹೊಲಿಗೆಯ ದುಡ್ಡೇ. ಈಗ ಅಲ್ಲಿಯ ಟಾರ್ನೀಟ್‌ ಬಡಾವಣೆಯಲ್ಲಿ ಮನೆ. ಗರಾಜಿನಲ್ಲಿ ಎರಡು ಮಷೀನು. ಜೊತೆಗೆ ಹೊಲಿಯುವ ಹೇಮಲತಾಗೆ ಗಂಟೆಯ ಲೆಕ್ಕದಲ್ಲಿ ಸರಿಯಾದ ಕೂಲಿ.

ಡೋರೀನ್‌ಗೆ ಎಂಬತ್ತು ತುಂಬಿದಾಗ ನೀಲಾಂಬಿಕಾ ಸಿಡ್ನಿಗೆ ಹೋದರು. ತಾವೇ ಹೊಲಿದ ಇಳಕಲ್ ರೇಷ್ಮೆಯ ಜಾಕೆಟ್ ಕೊಟ್ಟು, "ನೀವು ಅವತ್ತು ಕೇಳದಿದ್ದರೆ ನಾನು ಲೆಕ್ಕಾನೇ ಹಾಕುತ್ತಿರಲಿಲ್ಲ," ಅಂದರು. ಡೋರೀನ್ ಆಗಲೇ ಅದನ್ನು ತೊಟ್ಟು, ಬಂದವರಿಗೆಲ್ಲ "ಇವಳು ನನ್ನ ಗೆಳತಿ ನೀಲಾಂಬಿಕಾ, ಟೇಲರ್" ಎಂದು ಪರಿಚಯಿಸಿದರು. ನೀಲಾಂಬಿಕಾ ಕೈಯಲ್ಲಿ ಕೇಕಿನ ತಟ್ಟೆಯಿತ್ತು. ಅದನ್ನು ಪಕ್ಕಕ್ಕಿಟ್ಟು, ಡೋರೀನ್ ತೊಟ್ಟ ಜಾಕೆಟ್ಟಿನ ಕಾಲರ್ ಸರಿಮಾಡಿದರು.