ಅಪ್ಪ ಮೂಸಿ ನೋಡಿದ ಮಣ್ಣು

ಹೋದ ತಿಂಗಳು ಬೆಟಗೇರಿಯಿಂದ ಹೊಂಬಳದ ಬಸ್ಸಿನಲ್ಲಿ ಹೊರಟಿದ್ದೆ. ಪಕ್ಕದಲ್ಲಿ ಕೂತವರ ಕೈಚೀಲದೊಳಗೆ ಬೆಳೆಗೆ ಹೊಡೆಯುವ ಔಷಧದ ಡಬ್ಬಿಯಿತ್ತು. ಮುಚ್ಚಳ ಸಡಿಲವಾಗಿತ್ತೋ ಏನೋ, ಬಸ್ಸು ಕುಲುಕಿದಾಗಲೆಲ್ಲ ಕೊಳೆತ ಬೆಳ್ಳುಳ್ಳಿಗೆ ಸೀಮೆಎಣ್ಣೆ ಬೆರೆಸಿದಂಥ ವಾಸನೆ ಬಂದು ಗಂಟಲಲ್ಲಿ ಕೂರುತ್ತಿತ್ತು. ನಮ್ಮ ಕಡೆ ಅದನ್ನು ಔಷಧ ಎನ್ನುವುದಿಲ್ಲ, ‘ಎಣ್ಣಿ’ ಎನ್ನುತ್ತೇವೆ. ಕಿಟಕಿ ತೆರೆದೆ. ಆದರೂ ಎದ್ದು ಬೇರೆ ಕಡೆ ಹೋಗಿ ಕೂರಲು ಮನಸ್ಸಾಗಲಿಲ್ಲ. ಚಿಕ್ಕವಳಿದ್ದಾಗ ನನಗೆ ಅದು ಅಪ್ಪನ ವಾಸನೆ.

ಹೊಂಬಳದ ನಮ್ಮ ಮನೆ ಮಣ್ಣಿನ ಮಾಳಿಗೆಯದು. ಬಾಗಿಲು ದಾಟಿದರೆ ತಗ್ಗಿನಲ್ಲಿ ಎತ್ತುಗಳು, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅಲ್ಲಿ ಕಂಬಕ್ಕೊರಗಿ ಸದಾ ಕೂತಿರುತ್ತಿದ್ದ ಅಜ್ಜಿ. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಅಪ್ಪ, ಅವ್ವ, ಅಪ್ಪನ ತಮ್ಮನಾದ ಕಾಕಾ, ಅವನ ಹೆಂಡತಿ ಚಿಗವ್ವ, ನಾನು, ಎಲ್ಲರಿಗೂ ಒಂದೇ ಒಲೆ. ಕಾಕಾ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡೇ ಹೊಲಕ್ಕೆ ಹೋಗುತ್ತಿದ್ದ. ಹತ್ತಿಗೆ ಎಣ್ಣಿ ಹೊಡೆಯುವುದರಲ್ಲಿ ಅಪ್ಪನ ಕೈ ಪಳಗಿತ್ತು. ಬಾಯಿಗೊಂದು ವಸ್ತ್ರ ಸುತ್ತಿಕೊಂಡು, ಬೆನ್ನಿಗೆ ಪಂಪು ಏರಿಸಿ, ಊರಿನವರ ಹೊಲಕ್ಕೂ ಹೋಗುತ್ತಿದ್ದ. ಅವ್ವ ಅವನ ಅಂಗಿಯನ್ನು ಬೇರೆಯಾಗಿಯೇ ಒಗೆಯುತ್ತಿದ್ದಳು. ಅದೇ ಅಪ್ಪ ಮಣ್ಣನ್ನು ಮೂಗಿನಿಂದ ಬಲ್ಲವನೂ ಆಗಿದ್ದ. ಮುಂಗಾರಿನ ಮೊದಲ ಮಳೆಯಾದ ಮೇಲೆ ಒಂದು ಹಿಡಿ ಎರೆಮಣ್ಣು ತೆಗೆದು, ಹಿಚುಕಿ, ಮೂಸಿ, “ನಾಳೆ ಕೂರಿಗಿ ಹೂಡೂಣು” ಎಂದರೆ ಅಕ್ಕಪಕ್ಕದವರೂ ಬಿತ್ತನೆಗೆ ಸಿದ್ಧರಾಗುತ್ತಿದ್ದರು.

ನಾನು ನಾಲ್ಕನೇ ಇಯತ್ತೆಯಲ್ಲಿದ್ದ ವರ್ಷ ಮುಂಗಾರಿನ ಮೊದಲ ಮಳೆ ಒಂದು ಮಧ್ಯಾಹ್ನ ಬಂತು. “ಮಣ್ಣಿನ ವಾಸನಿ ಹೆಂಗ ಎದ್ದತಿ ನೋಡು” ಎಂದಳು ಆಯಿ. ಅಪ್ಪ ಅಂಗಳಕ್ಕಿಳಿದು ಮಣ್ಣು ತೆಗೆದು ಮೂಸಿದ. ಕೈ ಒರೆಸಿಕೊಂಡು ಮತ್ತೊಂದು ಹಿಡಿ ತೆಗೆದ. ಆಮೇಲೆ ಒಳಗೆ ಬಂದು ಉಳ್ಳಾಗಡ್ಡಿ ಒಡೆದು ಮೂಸಿದ, ಉಪ್ಪಿನಕಾಯಿಯ ಭರಣಿ ತೆರೆದ, ಕೊನೆಗೆ ಎಣ್ಣಿ ಡಬ್ಬಿಯ ಮುಚ್ಚಳವನ್ನೂ ಮೂಗಿಗೆ ಹಿಡಿದ. ನನ್ನನ್ನು ಹತ್ತಿರ ಕರೆದು, ಅವ್ವ ಆಗತಾನೆ ಕೊಬ್ಬರಿ ಎಣ್ಣೆ ಹಚ್ಚಿದ್ದ ನನ್ನ ತಲೆಯಲ್ಲಿ ಮುಖವಿಟ್ಟು ಬಹಳ ಹೊತ್ತು ಉಸಿರೆಳೆದ. ನನಗೆ ಕಚಗುಳಿಯಾಗಿ ನಕ್ಕೆ. ಅಪ್ಪ ನಗಲಿಲ್ಲ. “ಏನಾತ್ರಿ?” ಎಂದು ಅವ್ವ ಕೇಳಿದಾಗ, “ಏನೂ ಬರವಲ್ದು” ಎಂದಷ್ಟೇ ಹೇಳಿದ. ಗದಗಿನ ಡಾಕ್ಟರು ಎಣ್ಣಿ ಎಷ್ಟು ವರ್ಷದಿಂದ ಹೊಡೆಯುತ್ತೀರಿ ಎಂದು ಕೇಳಿದರಂತೆ. ಹೋದದ್ದು ಮರಳಬಹುದು, ಮರಳದೆಯೂ ಇರಬಹುದು ಎಂದರಂತೆ. ಅಪ್ಪ ಬಸ್ಸಿಳಿದು ಬಂದವನೇ ಪಂಪನ್ನು ಅಟ್ಟಕ್ಕೆ ಹಾಕಿದ. ನಾವು ‘ಸರಕಾರಿ ಗೊಬ್ಬರ’ ಎನ್ನುವ ರಾಸಾಯನಿಕ ಗೊಬ್ಬರವೂ ಇನ್ನು ಬೇಡ ಎಂದ.

“ಎಣ್ಣಿ ಬ್ಯಾಡ, ಸರಕಾರಿ ಗೊಬ್ಬರ ಬ್ಯಾಡ ಅಂದ್ರ ಬರೇ ಹತ್ತಿ ಕಡ್ಡಿ ಉಳಿತಾವ ಅಣ್ಣಾ. ಮನ್ಯಾಗಿನವ್ರು ಏನ್ ತಿನ್ನೂಣು?” ಎಂದು ಕಾಕಾ ಕೇಳಿದ. ಅವನ ಮಾತು ತಪ್ಪಾಗಿರಲಿಲ್ಲ. “ಹತ್ತಿ ಬಿಡೂಣು. ಜ್ವಾಳ, ತೊಗರಿ, ಹೆಸರು ಕೂಡಿಸಿ ಹಾಕೂಣು, ಮೊದಲಿನಂಗ” ಎಂದ ಅಪ್ಪ. ಎಂಟು ದಿನ ಇದೇ ಮಾತು, ಉಣ್ಣುವಾಗಲೂ ದನಕ್ಕೆ ಮೇವು ಹಾಕುವಾಗಲೂ. ಕಡೆಗೆ ಹೊಲ ಎರಡಾಯಿತು, ಪಡಸಾಲೆಯ ನಡುವೆ ಗೋಡೆ ಎದ್ದಿತು. ಆಯಿಯ ಕಂಬ ಕಾಕಾನ ಪಾಲಿಗೆ ಹೋಯಿತು. ಕಾಕಾ ನನ್ನನ್ನು ಹೊಲಕ್ಕೆ ಕರೆಯುವುದನ್ನು ಬಿಟ್ಟ.

ಆ ವರ್ಷ ಅಪ್ಪ ಕೂತು ಉಂಡದ್ದನ್ನು ನಾನು ಕಂಡಿಲ್ಲ. ರೊಟ್ಟಿಯನ್ನು ಕೈಯಲ್ಲಿ ಹಿಡಿದೇ ಬದುವಿನ ಮೇಲೆ ಅಡ್ಡಾಡುತ್ತಿದ್ದ, ಎಲೆ ಎಲೆ ತಿರುವಿ ನೋಡುತ್ತಿದ್ದ. ಬದುವಿನಾಚೆ ಕಾಕಾನ ಹತ್ತಿ ಬೆಳ್ಳಗೆ ಒಡೆದಿತ್ತು. ಈಚೆ ನಮ್ಮ ತೊಗರಿಗೆ ಹುಳ ಬಿದ್ದಿತ್ತು. ಅಪ್ಪ ಸಗಣಿ, ಗಂಜಲ, ಬೆಲ್ಲ, ಹಿಟ್ಟು ಕಲೆಸಿ ಪೀಪಾಯಿಯಲ್ಲಿ ಗೊಬ್ಬರದ ನೀರು ಕೊಳೆಯಲು ಇಡುತ್ತಿದ್ದ. ಅದು ಹದಕ್ಕೆ ಬಂದಿತೋ ಕೆಟ್ಟಿತೋ ತಿಳಿಯುವುದು ವಾಸನೆಯಿಂದ. ಹಾಗಾಗಿ ನಾನೇ ಅಪ್ಪನ ಮೂಗಾದೆ. “ಹುಳಿ ವಾಸನಿ ಬಂತೇನವಾ?” ಎಂದು ಕೇಳಿ, ಗುಟುರು ಹಾಕುತ್ತಿರುವ ಎತ್ತು ಮುಂದೇನು ಮಾಡೀತೋ ಎಂದು ನಿಂತವನಂತೆ ನನ್ನ ಮುಖವನ್ನೇ ನೋಡುತ್ತಿದ್ದ. ಒಂದು ದಿನ, ಚಲೋ ಹುಳಿ ವಾಸನೆ ಬರುತ್ತಿದ್ದರೂ, “ಕೆಟ್ಟೈತಿ ಅಪ್ಪಾ, ನಾರತೈತಿ” ಎಂದೆ. ಬೇಸತ್ತು ಎಲ್ಲ ಬಿಟ್ಟು ಕಾಕಾನ ಜೊತೆ ಕೂಡಿಕೊಂಡಾನು, ಗೋಡೆ ಬಿದ್ದೀತು ಎಂಬ ಆಸೆ. ಅಪ್ಪ ಪೀಪಾಯಿ ಉರುಳಿಸಿ ಚೆಲ್ಲಿದ, ತೊಳೆದ, ಮತ್ತೆ ಸಗಣಿ ತರಲು ಬುಟ್ಟಿ ಎತ್ತಿಕೊಂಡ. ಅವನ ಬೆನ್ನು ನೋಡುತ್ತ ನಿಂತ ನನ್ನ ಬಾಯಿಂದ ಖರೆ ಮಾತು ಹೊರಡಲಿಲ್ಲ. ಅಪ್ಪ ತೀರಿಕೊಳ್ಳುವತನಕವೂ ಹೊರಡಲಿಲ್ಲ.

ಮೂರನೇ ವರ್ಷಕ್ಕೆ ನಮ್ಮ ನೆಲ ಮೆತ್ತಗಾಯಿತು. ಅಸುಂಡಿಯಿಂದ ಇಬ್ಬರು ರೈತರು ನಮ್ಮ ಹೊಲ ನೋಡಲು ಬಂದರು. ಒಬ್ಬರ ಎತ್ತು ಎಣ್ಣಿ ಕಲೆಸಿದ ಬಕೆಟ್ಟಿನ ನೀರು ಕುಡಿದು ಸತ್ತಿತ್ತು. ಇನ್ನೊಬ್ಬರ ಹೊಲ ಎಷ್ಟು ಬಿಗಿದಿತ್ತೆಂದರೆ ನೇಗಿಲು ಇಳಿಯುತ್ತಿರಲಿಲ್ಲ. ಯಾರೂ ದೊಡ್ಡ ಮಾತು ಹೇಳಿಕೊಂಡು ಬಂದವರಲ್ಲ, ಏನನ್ನೋ ಕಳೆದುಕೊಂಡು ಬಂದವರು. ಅದೇ ಸುಗ್ಗಿಯಲ್ಲಿ ಒಂದು ಮಧ್ಯಾಹ್ನ ಕಾಕಾ ಬದು ದಾಟಿ ಬಂದು ಅಪ್ಪನ ಎದುರು ನಿಂತ. “ನಮ್ಮನಿ ಒಲಿ ಮ್ಯಾಲ ರೊಟ್ಟಿ ಹೊತ್ತಿ ಕರಕಾತು ಅಣ್ಣಾ. ನಾ ಅಲ್ಲೇ ಕುಂತಿದ್ದೆ. ನನಗ ಗೊತ್ತಾಗಲಿಲ್ಲ” ಎಂದ. “ಕುಂಡ್ರು ತಮ್ಮಾ” ಎಂದು ಅಪ್ಪ ತನ್ನ ಬುತ್ತಿ ಬಿಚ್ಚಿದ. ಇಬ್ಬರೂ ತೊಗರಿಯ ನೆರಳಲ್ಲಿ ಒಂದೇ ರೊಟ್ಟಿ ಮುರಿದು ತಿಂದರು. ಮುಂದಿನ ಮುಂಗಾರಿಗೆ ಹೊಲ ಮತ್ತೆ ಒಂದಾಯಿತು. ಗೋಡೆ ಮಾತ್ರ ಹಾಗೇ ನಿಂತಿತು. ಆಯಿ ಹೋದ ಮೇಲೆ ಅದನ್ನು ಒಡೆಯುವ ಉಮೇದು ಯಾರಿಗೂ ಉಳಿದಿರಲಿಲ್ಲ. ಎರಡು ಮಳೆಗಾಲ ಸೋರಿ ಆ ಮಾಳಿಗೆಯೇ ಕುಸಿಯಿತು. ಈಗ ಅಲ್ಲಿ ಮೇವಿನ ಬಣವೆಯಿದೆ.

ಅವತ್ತು ಬಸ್ಸಿಳಿದವಳು ನೇರ ಹೊಲಕ್ಕೇ ಹೋದೆ. ಕಾಕಾ ಹಣ್ಣಾಗಿದ್ದಾನೆ. ಮಳೆ ಈ ವರ್ಷ ಲೆಕ್ಕಕ್ಕಿಂತ ಹದಿನೈದು ದಿನ ಮುಂಚೆಯೇ ಬಂದು, ಮತ್ತೆ ಮುಖ ತೋರಿಸಿರಲಿಲ್ಲ. ಕಾಕಾ ಬದುವಿನ ಮೇಲೆ ಬೀಜದ ಗಂಟುಗಳನ್ನು ಸಾಲಾಗಿ ಇಟ್ಟುಕೊಂಡು ಒಂದನ್ನು ಬಿಚ್ಚುತ್ತಿದ್ದ, ಮತ್ತೆ ಕಟ್ಟುತ್ತಿದ್ದ. ನನ್ನನ್ನು ಕಂಡು, “ನಿಮ್ಮಪ್ಪ ಇದ್ದಿದ್ರ ಇಂಥಾ ವರ್ಷ ಏನ್ ಬಿತ್ತತಿದ್ನವಾ?” ಎಂದು ಕೇಳಿದ. “ನಾ ಅಪ್ಪಗ ಒಮ್ಮೆನೂ ಅದನ್ನ ಕೇಳಿಲ್ಲ ಕಾಕಾ” ಎಂದೆ. ಕಾಕಾ ಧೋತರದ ತುದಿ ಎತ್ತಿ ಸಿಕ್ಕಿಸಿಕೊಂಡು, ಒಂದು ಗಂಟನ್ನು ಬಗಲಲ್ಲಿ ಹಿಡಿದು, ತಾನೇ ಹೊಲಕ್ಕಿಳಿದ.