ಒಳಗೆ ನೀರು ತುಂಬಿಸಿದ ದೋಣಿ

ಶಿವಾಜಿನಗರದಲ್ಲಿ ಫೈಬರ್ ಅಂಗಡಿ ಇಟ್ಟಿದ್ದ ಮುನೀರ್ ಅವರಿಗೆ ಈಜು ಬರುವುದಿಲ್ಲ. ಹಲಸೂರು ಕೆರೆಯ ಏರಿಯ ಮೇಲೆ ಎಷ್ಟೋ ಸಲ ಸ್ಕೂಟರಿನಲ್ಲಿ ಹೋಗಿದ್ದರೂ ಗಾಡಿ ನಿಲ್ಲಿಸಿ ಕೆರೆಯನ್ನು ನೋಡಿದವರಲ್ಲ. ಅವರಿಗೆ ಗೊತ್ತಿದ್ದ ನೀರು ಟ್ಯಾಂಕಿನ ನೀರು. ಹುಡುಗನಾಗಿದ್ದಾಗಲೇ ಫೈಬರ್ ಕೆಲಸಕ್ಕೆ ಸೇರಿ, ಅರವತ್ತರ ಅಂಚಿಗೆ ಬರುವವರೆಗೆ ನೀರಿನ ಟ್ಯಾಂಕು, ಬಚ್ಚಲುಮನೆಯ ಬಾಗಿಲು, ಅಂಗಡಿ ಮುಂದೆ ನಿಲ್ಲಿಸುವ ಆಳೆತ್ತರದ ಐಸ್‌ಕ್ರೀಂ ಕೋನು, ಒಮ್ಮೆ ಒಂದು ಶಾಲೆಯ ಅಂಗಳಕ್ಕೆ ಜಾರುಬಂಡೆಯ ಆನೆ, ಹೀಗೆ ಬಂದದ್ದನ್ನೆಲ್ಲ ಮಾಡಿದರು. ತಾವು ಮಾಡಿದ ಟ್ಯಾಂಕು ಸೋರುತ್ತದೆಂದು ಒಬ್ಬರೂ ವಾಪಸ್ ತಂದಿಲ್ಲ ಎಂಬುದು ಅವರ ಹೆಮ್ಮೆ. ಇತ್ತೀಚಿನ ವರ್ಷಗಳಲ್ಲಿ ಕಾರ್ಖಾನೆಯ ಪ್ಲಾಸ್ಟಿಕ್ ಟ್ಯಾಂಕು ಬಂದು, ಇವರ ಹತ್ತಿರ ಟ್ಯಾಂಕು ಮಾಡಿಸುವವರೇ ಇಲ್ಲವಾಗಿದ್ದರು. ಮಾಡಿಸದ ಟ್ಯಾಂಕು ಸೋರುವ ಪ್ರಶ್ನೆ ಬರುವುದಿಲ್ಲವಾದ್ದರಿಂದ ಹೆಮ್ಮೆಗೆ ಧಕ್ಕೆಯಾಗಿರಲಿಲ್ಲ.

ಧಕ್ಕೆಯಾಗಿದ್ದು ಎದೆಗೆ. ಫೈಬರಿಗೆ ಹಚ್ಚುವ ಅಂಟು, ಅಂದರೆ ರೆಸಿನ್ನಿನ ಘಾಟು, ಫೈಬರನ್ನು ಉಜ್ಜುವಾಗ ಏಳುವ ಗಾಜಿನೆಳೆಯ ಧೂಳು ಎರಡೂ ಸೇರಿ ಅವರಿಗೆ ಒಂದು ಕೆಮ್ಮು ಅಂಟಿತ್ತು. ಹೆಂಡತಿ ಮಜೀದಾ ಪುಲಿಕೇಶಿನಗರದ ಮನೆಯ ಮಹಡಿಯಲ್ಲಿ ಕೂತೇ, ಬೀದಿಯ ತುದಿಯಲ್ಲಿ ಬರುತ್ತಿರುವುದು ಗಂಡನೇ ಎಂದು ಕೆಮ್ಮಿನಿಂದ ಗುರುತಿಸುತ್ತಿದ್ದರು. ಅಂಗಡಿ ಮುಚ್ಚಿ ಎಂದು ಅವರು ಹೇಳತೊಡಗಿ ಬಹಳ ಕಾಲವಾಗಿತ್ತು. ಮುನೀರ್ ಪ್ರತಿ ಸಲವೂ ಒಪ್ಪುತ್ತಿದ್ದರು, ಮರುದಿನ ಹೋಗಿ ಶಟರ್ ಎತ್ತುತ್ತಿದ್ದರು.

ಅಂಥ ಹೊತ್ತಿನಲ್ಲಿ ಕೆ.ಆರ್.ಪುರದ ಕಡೆಯಿಂದ ದೋಣಿಯ ಕೆಲಸ ಬಂತು.

ಅಲ್ಲಿ ಸರೋವರ ಎನ್‌ಕ್ಲೇವ್ ಎಂಬ ಬಡಾವಣೆಯಿದೆ. ಹಿಂದಿನ ಮಳೆಗಾಲದಲ್ಲಿ ಅದು ಹೆಸರಿಗೆ ತಕ್ಕಂತೆ ನಡೆದುಕೊಂಡು, ಮನೆಗಳ ಮೆಟ್ಟಿಲವರೆಗೂ ನೀರು ನಿಂತಿತ್ತು. ನಿವಾಸಿಗಳ ಸಂಘದ ಅಧ್ಯಕ್ಷ ಮುನಿರಾಜಪ್ಪ ಆ ಊರಿನವರೇ. ಬಡಾವಣೆಯಾದ ಜಮೀನಿನಲ್ಲಿ ಒಂದಷ್ಟು ಅವರ ಮನೆತನದ್ದೇ.

"ಇದು ಕೆರೆ ಜಾಗ ಅಂತಾರಲ್ಲ ಸಾರ್?" ಎಂದು ಮುನೀರ್ ಮೊದಲ ದಿನವೇ ಕೇಳಿದರು.

"ಯಾರ್ ಹೇಳಿದ್ದು? ಕೆರೆಗಿರೆ ಏನಿರ್ಲಿಲ್ಲ. ನೀರು ನಿಲ್ತಿತ್ತು, ಅಷ್ಟೆ" ಎಂದರು ಮುನಿರಾಜಪ್ಪ.

ನೀರು ಮತ್ತೆ ನಿಂತರೆ ಇರಲಿ ಎಂದು ಸಂಘವು ಮುಚ್ಚಿಹೋದ ಒಂದು ರೆಸಾರ್ಟಿನಿಂದ ಹಳೆಯ ಫೈಬರ್ ದೋಣಿಯನ್ನು ಕೊಂಡು ತಂದಿತ್ತು. ಮೋಟಾರ್ ಆಮೇಲೆ ಬರುವುದಿತ್ತು. ದೋಣಿಯ ಹಿಂಬದಿಯಲ್ಲಿ ನೆಟ್ಟಗೆ ನಿಂತ ಗೋಡೆಯೊಂದಿರುತ್ತದೆ, ಮೋಟಾರನ್ನು ತಗುಲಿಸುವುದು ಅದಕ್ಕೇ. ನೋಡಲು ಪೂರ್ತಿ ಫೈಬರ್. ಆದರೆ ಎರಡು ಫೈಬರ್ ಪದರಗಳ ನಡುವೆ ದಪ್ಪ ಪ್ಲೈವುಡ್ ಹಲಗೆಯಿರುತ್ತದೆ. ತಳದಲ್ಲೂ ಉದ್ದಕ್ಕೆ ಎರಡು ಮರದ ಪಟ್ಟಿಗಳಿದ್ದು, ಅವೂ ಫೈಬರಿನಿಂದ ಮುಚ್ಚಿರುತ್ತವೆ. ಮುನೀರ್ ಸುತ್ತಿಗೆಯ ಹಿಡಿಯಿಂದ ಹಿಂದಿನ ಗೋಡೆಗೆ ತಟ್ಟಿದರು. ಒದ್ದೆ ಚೀಲಕ್ಕೆ ಹೊಡೆದ ಹಾಗೆ ಸದ್ದು ಬಂತು. ಗ್ರೈಂಡರಿನಿಂದ ಒಳಪದರ ಕೊಯ್ದು ತೆಗೆದಾಗ, ಮರ ಇರಬೇಕಾದಲ್ಲಿ ಚಹಾದಲ್ಲಿ ಅದ್ದಿ ಮರೆತ ರಸ್ಕಿನಂಥ ಕಪ್ಪು ಮುದ್ದೆಯಿತ್ತು. ತಳದ ಪಟ್ಟಿಗಳೂ ಹಾಗೆಯೇ. ದೋಣಿ ಇಷ್ಟು ಕಾಲ ದೋಣಿಯ ಆಕಾರದಲ್ಲಿ ನಿಂತಿದ್ದು ಅಭ್ಯಾಸಬಲದಿಂದ.

ಆ ಸಂಜೆ ಮನೆಯಲ್ಲಿ ಮುನೀರ್ ಇದನ್ನೆಲ್ಲ ಉತ್ಸಾಹದಿಂದ ಹೇಳಿದರು. ಅವರ ಮನೆಮಾತು ದಖ್ಖನಿ. ಮಜೀದಾ ಆ ಮಾತಿನಲ್ಲಿ ಹೇಳಿದ್ದರ ಕನ್ನಡ ಹೀಗೆ:

"ಅಜೀ, ಈ ಕೊಳೆತ ದೋಣಿಯಿಂದ ನಿಮ್ಮ ಅಂಗಡಿ ಉಳೀತದಾ?"

"ಇದು ಚೆನ್ನಾಗಾದ್ರೆ ಉಳೀತದೆ. ಫೈಬರ್ ಕೆಲಸಕ್ಕೆ ಇನ್ನೂ ಬೆಲೆ ಇದೆ ಅಂತ ನೋಡು."

"ನೋಡ್ತೀನಿ. ನೀವು ಹಾಕಿದ ಮರ ನೀರು ಕುಡಿದ್ರೆ ಅಂಗಡಿ ಬೀಗದಕೈ ನನ್ನ ಕೈಗೆ. ಆಮೇಲೆ ಮಾತಿಲ್ಲ."

ಮುನೀರ್ ಒಪ್ಪಿದರು. ಈ ಸಲ ಮಜೀದಾ ಬಲಗೈ ಮುಂದೆ ಚಾಚಿದ್ದರಿಂದ ಕೈ ಮೇಲೆ ಕೈ ಇಟ್ಟು ಒಪ್ಪಬೇಕಾಯಿತು.

ಕೆಲಸ ನಡೆದಿದ್ದು ಬಡಾವಣೆಯ ಗೇಟಿನ ಪಕ್ಕ, ಶೀಟಿನ ನೆರಳಿನಲ್ಲಿ. ಅದಕ್ಕೆ ತಾಗಿಕೊಂಡೇ ಕಾವಲುಗಾರ ಭಗವಂತರಾಯ ಅವರ ಕೋಣೆ. ಸೇಡಂ ಕಡೆಯವರು, ಜೊತೆಗೆ ಹೆಂಡತಿ ಸುಭದ್ರಮ್ಮ. ಆಕೆಗೆ ಸೊಂಟ ಮುರಿದು ಕೂಡಿಕೊಂಡ ಮೇಲೆ ನಡೆಯುವುದು ಕಷ್ಟ. ಬಡಾವಣೆಯಲ್ಲೇ ತಗ್ಗಾದ ಜಾಗ ಆ ಕೋಣೆ. ಹಿಂದಿನ ಸಲ ನೀರು ಮೊದಲು ಬಂದಿದ್ದು ಅಲ್ಲಿಗೇ.

"ಜೆಸಿಬಿ ಬಕೀಟಿನಾಗ ಕೂಡಿಸಿ ಎತ್ತಿದ್ರು ನನ್ನ. ಮಣ್ಣು ಎತ್ತಿದಂಗ" ಎಂದು ಸುಭದ್ರಮ್ಮ ಮಂಚದ ಮೇಲಿಂದಲೇ ಹೇಳಿದರು. "ಮೊಬೈಲ್‌ನಾಗ ಹಿಡದು ಊರಿಗೆಲ್ಲ ತೋರಿಸ್ಯಾರ. ಇನ್ನೊಮ್ಮೆ ಅದರಾಗ ಕೂಡೂದಿಲ್ಲ. ಬೇಕಾದ್ರ ಇಲ್ಲೇ ಮುಳುಗತೀನಿ."

"ಅದಕ್ಕೇ ದೋಣಿ ತಂದಾರಲ್ಲ ಮಾರಾಯ್ತಿ. ಮೊದಲ ಟ್ರಿಪ್ಪಿನಾಗ ನೀನೇ ಅಂತ" ಎಂದರು ಭಗವಂತರಾಯ.

"ಹಂಗಂತ ಯಾರು ಹೇಳ್ಯಾರ?"

"ನಾನ ಹೇಳೀನಿ."

ಮುನೀರ್ ಒಳ್ಳೆಯ ನೀರುನಿರೋಧಕ ಪ್ಲೈವುಡ್ ತರಿಸಿ, ಹಳೆಯ ಹಲಗೆ, ಪಟ್ಟಿಗಳ ಅಳತೆಗೆ ಕೊಯ್ದು, ರೆಸಿನ್ ಸವರಿ ಕೂರಿಸಿ, ಬಿಗಿದು, ಮೇಲೆ ಫೈಬರ್ ಮ್ಯಾಟಿನ ಪದರಗಳನ್ನು ಹಾಕಿದರು. ಮೋಟಾರಿಗೆ ಬೇಕಾಗುವ ಎರಡು ಬೋಲ್ಟುಗಳಿಗೆ ಗೋಡೆಯಲ್ಲಿ ತೂತು ಕೊರೆದರು. ನೀರು ದೋಣಿಯ ಹೊರಗಿರುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಆದ್ದರಿಂದ ಬೋಲ್ಟು ಕೂರಿಸಿ, ತೂತಿನ ಹೊರಬಾಯಿಗೆ ಅದರ ಸುತ್ತ ರೆಸಿನ್ ತುಂಬಿ ಭದ್ರ ಮಾಡಿದರು. ಒಳಬಾಯಿಗೆ, ಟ್ಯಾಂಕಿನ ಕೊಳಾಯಿಗೆ ಹಾಕುವ ಹಾಗೆ, ಒಂದು ರಬ್ಬರ್ ವಾಷರ್ ಸಾಕೆನಿಸಿತು.

ಇನ್ನು ಪರೀಕ್ಷೆ. ಕೆರೆಯ ಹೆಸರಿನ, ಕೆರೆಯಂತೆ ತುಂಬುವ ಆ ಬಡಾವಣೆಯಲ್ಲಿ ಮಾರ್ಚ್ ತಿಂಗಳಲ್ಲಿ ಒಂದು ದೋಣಿ ತೇಲಿಸುವಷ್ಟು ನೀರು ಎಲ್ಲೂ ಇರಲಿಲ್ಲ.

"ಹಲಸೂರು ಕೆರೆಗೆ ತಗೊಂಡ್ಹೋಗೋಣ ಅಂದ್ರೆ ಪರ್ಮಿಷನ್ ಬೇಕಂತೆ. ಪಕ್ಕದ ಕೆರೆ ತುಂಬ ಬರೀ ಜೊಂಡು. ಏನ್ ಮಾಡ್ತೀರಾ ಭಾಯ್?" ಎಂದರು ಮುನಿರಾಜಪ್ಪ.

"ದೋಣೀನ ನೀರಿಗೆ ಯಾಕೆ ಹಾಕ್ಬೇಕು ಸಾರ್? ನೀರನ್ನೇ ದೋಣಿಗೆ ಹಾಕೋಣ. ಟ್ಯಾಂಕು ಹಂಗೇ ನೋಡೋದು. ತುಂಬ್ಸಿ ಒಂದಿನ ಬಿಟ್ರೆ, ಸೋರೋದಿದ್ರೆ ಸೋರ್ತದೆ."

ಮುನಿರಾಜಪ್ಪ ಅವರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಸಂಘದ ಕಾರ್ಯದರ್ಶಿಗೂ ಕಾಣಲಿಲ್ಲ, ಅವರು ಎಂಜಿನಿಯರು. ಟ್ಯಾಂಕರ್ ನೀರು ತರಿಸಿ ದೋಣಿಯನ್ನು ಅಂಚಿನವರೆಗೆ ತುಂಬಿಸಿದರು. ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ, "ನಾಲ್ಕನೇ ಕ್ರಾಸಿಗೆ ಸ್ನಾನಕ್ಕೆ ನೀರಿಲ್ಲ, ದೋಣಿಗೆ ಅಭ್ಯಂಜನ ನಡೀತಿದೆ" ಎಂದು ಒಬ್ಬಾಕೆ ಬರೆದರು. ಮರುದಿನ ದೋಣಿಯ ಕೆಳಗೆ ನೆಲ ಒಣಗಿತ್ತು. ಹಿಂದಿನ ಗೋಡೆಯ ಹೊರಮೈಯಲ್ಲಿ ಒಂದು ಹನಿ ಇಲ್ಲ. ಭಗವಂತರಾಯ ಅಂಗೈಯಿಂದ ಸವರಿ ನೋಡಿ, "ಬರೋಬ್ಬರಿ ಅದ ಸಾಹೇಬ್ರ" ಎಂದು ಸಾಕ್ಷಿ ನುಡಿದರು. ನಾಲ್ಕನೇ ಕ್ರಾಸಿನವರು ಬಕೆಟ್ಟು, ಬಿಂದಿಗೆ ತಂದು ದೋಣಿಯ ನೀರನ್ನು ಪೂರ್ತಿ ಖಾಲಿ ಮಾಡಿದರು. ಮುನೀರ್ ಮನೆಗೆ ಬಂದು, ಮರ ನೀರು ಕುಡಿದಿಲ್ಲ ಎಂದು ಘೋಷಿಸಿದರು.

ಮರ ನೀರು ಕುಡಿದಿತ್ತು.

ಅದು ತಿಳಿದಿದ್ದು ಏಪ್ರಿಲ್ ಕೊನೆಯಲ್ಲಿ. ದೋಣಿಯ ಉದ್ಘಾಟನೆ ನಿಗದಿಯಾಗಿ, ಬಣ್ಣ ಹೊಡೆಯಲು ಮುನೀರ್ ಮತ್ತೆ ಬಂದಿದ್ದರು. ಬೋಲ್ಟಿಗೆ ಬಣ್ಣ ತಾಗದಿರಲೆಂದು ಒಂದನ್ನು ಬಿಚ್ಚಿದರು. ತೂತಿನಿಂದ ಕಷಾಯದ ಬಣ್ಣದ ನೀರು ಒಸರಿತು. ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಮತ್ತೆ ಅದೇ ಒದ್ದೆ ಚೀಲದ ಸದ್ದು.

ಟ್ಯಾಂಕಿನ ಗೋಡೆಯೊಳಗೆ ನೀರು ಅಡಗಲು ಜಾಗವಿರುವುದಿಲ್ಲ. ಒಳಗಿನಿಂದ ನುಗ್ಗಿದ ನೀರು ಹೊರಗೆ ಕಾಣಿಸಲೇಬೇಕು. ಈ ಗೋಡೆಯ ನಡುವೆ ಮರವಿತ್ತು. ವಾಷರ್ ದಾಟಿದ ನೀರಿಗೆ ಹೊರದಾರಿಯನ್ನು ಮುನೀರ್ ಅವರೇ ರೆಸಿನ್ ಹಾಕಿ ಮುಚ್ಚಿದ್ದರು. ಅದು ಮರದೊಳಗೆ ಹೋಗಿ ಅಲ್ಲೇ ಉಳಿದಿತ್ತು. ಹೊರಗೆ ಒಂದು ಹನಿ ಕಾಣದಿದ್ದುದೇ ಕೆಲಸ ಕೆಟ್ಟಿದ್ದರ ಗುರುತು. ಭಗವಂತರಾಯ ಸಾಕ್ಷಿ ನುಡಿದಿದ್ದು ಅದಕ್ಕೇ.

ಮುನಿರಾಜಪ್ಪ ಸುದ್ದಿ ಕೇಳಿ ಶಾಂತವಾಗಿಯೇ ಇದ್ದರು.

"ಈಗ ಮುಳುಗ್ತದಾ?"

"ಈಗ ಇಲ್ಲ ಸಾರ್. ಮರ ಒಳಗೇ ಕೊಳೀತದೆ. ಒಂದಿನ ಮೋಟಾರ್ ಕಿತ್ಕೊಂಡ್ ಬರ್ತದೆ, ಜನ ಕೂತಿರೋವಾಗ."

"ನಾಳಿದ್ದು ಫಂಕ್ಷನ್ ಕಣ್ರೀ. ಮಾಜಿ ಕಾರ್ಪೊರೇಟರ್ ಬರ್ತಾರೆ. ಬಣ್ಣ ಹೊಡೀರಿ. ಫೈಬರ್ ಒಳಗಡೆ ಇರೋದು ಯಾರಿಗೆ ಕಾಣ್ತದೆ?"

ಯಾರಿಗೂ ಕಾಣುತ್ತಿರಲಿಲ್ಲ. ಮುಖ್ಯವಾಗಿ ಮಜೀದಾ ಅವರಿಗೆ ಕಾಣುತ್ತಿರಲಿಲ್ಲ. ಬೋಲ್ಟ್ ತಿರುಗಿಸಿ ಬಣ್ಣ ಬಳಿದರೆ ಅಂಗಡಿ ಉಳಿಯುತ್ತಿತ್ತು. ಮುನೀರ್ ಬಣ್ಣದ ಡಬ್ಬಿಯನ್ನು ತೆರೆದೂ ಆಗಿತ್ತು. ಆಗ ಕೋಣೆಯೊಳಗಿಂದ ಸುಭದ್ರಮ್ಮ, "ಹಸಿರು ಬಣ್ಣ ಹಚ್ರಿ ಸಾಹೇಬ್ರ, ನಾ ಕೂಡೂದು ಅದರಾಗ" ಎಂದು ಕೂಗಿದರು. ಮುನೀರ್ ಡಬ್ಬಿಯ ಮುಚ್ಚಳ ಹಾಕಿದರು. ಗ್ರೈಂಡರಿನ ವೈರನ್ನು ಭಗವಂತರಾಯರ ಕೋಣೆಯ ಪ್ಲಗ್ಗಿಗೆ ಸಿಕ್ಕಿಸಿ, ಮುನಿರಾಜಪ್ಪ ಬೈಯುತ್ತಿರುವಂತೆಯೇ ಗೋಡೆಯ ಒಳಪದರವನ್ನು ಕೊಯ್ದರು. ತಾವೇ ಹಾಕಿದ ಹಲಗೆಯನ್ನು ಉಳಿಯಿಂದ ಕಿತ್ತು ಹೊರಗೆಸೆದರು.

ಉದ್ಘಾಟನೆ ನಿಲ್ಲಲಿಲ್ಲ. ದೋಣಿಯ ಹಿಂಬದಿಯ ಗಾಯಕ್ಕೆ ಚೆಂಡುಹೂವಿನ ಪರದೆ ಕಟ್ಟಿದರು. ಮಾಜಿ ಕಾರ್ಪೊರೇಟರು ಮುಂಬದಿಗೆ ಕಾಯಿ ಒಡೆದು, ಇಂಥ ಮುಂದಾಲೋಚನೆ ಎಲ್ಲ ಬಡಾವಣೆಗಳಿಗೂ ಬರಲಿ ಎಂದು ಹಾರೈಸಿದರು. ಹಿಂದಕ್ಕೆ ಯಾರೂ ಹೋಗಲಿಲ್ಲ. ಹೋಗುವ ಪದ್ಧತಿಯೂ ಇಲ್ಲ.

ಅಂದು ಸಂಜೆ ಮುನೀರ್ ಬೀಗದಕೈಯನ್ನು ಊಟದ ತಟ್ಟೆಯ ಪಕ್ಕ ಇಟ್ಟರು.

"ಕುಡೀತಾ?" ಎಂದರು ಮಜೀದಾ.

"ಕುಡೀತು."

"ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ನಾನೇ ನೋಡ್ದೆ."

ಮಜೀದಾ, "ನಾನು ಯಾವತ್ತೂ ಆ ದೋಣಿ ನೋಡೋಕೆ ಹೋಗ್ತಿರಲಿಲ್ಲ" ಎಂದರು. ಆಮೇಲೆ ಬೀಗದಕೈಯನ್ನು ಗಂಡನ ಕಡೆಗೇ ಸರಿಸಿದರು. "ಹಿಡಿದ ಕೆಲಸ ಮುಗಿಸಿ. ಅದು ಮುಗಿದ ದಿನ ಕೊಡಿ."

ಮೇ ತಿಂಗಳ ಬಿಸಿಲಿನಲ್ಲಿ ಗೋಡೆಯ ಒಳಗನ್ನು ಚೆನ್ನಾಗಿ ಒಣಗಿಸಿ ಮುನೀರ್ ಹೊಸ ಹಲಗೆ ಕೂರಿಸಿದರು. ಈ ಸಲ ತೂತುಗಳನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ರೆಸಿನ್ನಿನಿಂದ ಪೂರ್ತಿ ತುಂಬಿ, ಗಟ್ಟಿಯಾದ ಮೇಲೆ ಆ ರೆಸಿನ್ನಿನ ನಡುವೆಯೇ ಬೋಲ್ಟಿನ ದಾರಿ ಕೊರೆದರು. ಈಗ ನೀರು ಯಾವ ಕಡೆಯಿಂದ ಬಂದರೂ ಮರ ಮುಟ್ಟುವಂತಿರಲಿಲ್ಲ. ನೀರು ತುಂಬಿಸಿ ನೋಡಲಿಲ್ಲ. ಹಸಿರು ಬಣ್ಣ ಹೊಡೆದು, ಮನೆಗೆ ಹೋಗಿ ಬೀಗದಕೈ ಕೊಟ್ಟರು.

ಮಜೀದಾ ಅಂಗಡಿಯನ್ನು ಖಾಲಿ ಇಡಲಿಲ್ಲ. ದೂರದ ಸಂಬಂಧದ ಓವೈಸ್ ಎಂಬವರಿಗೆ ಬಾಡಿಗೆಗೆ ಕೊಟ್ಟರು. ಓವೈಸ್ ಅಲ್ಲಿ ಮಾರುವುದು ಕಾರ್ಖಾನೆಯ ಪ್ಲಾಸ್ಟಿಕ್ ಟ್ಯಾಂಕುಗಳನ್ನು. ಮನೆಯಲ್ಲಿ ಕೂರಲಾಗದ ಮುನೀರ್ ಬೆಳಿಗ್ಗೆ ಹೋಗಿ ಅವುಗಳ ನಡುವೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಟ್ಯಾಂಕು ಕೊಳ್ಳಲು ಬಂದವರು ಅವರ ವಯಸ್ಸು ನೋಡಿ ಸಲಹೆ ಕೇಳುತ್ತಾರೆ. "ಇದೂ ನಡೀತದೆ" ಎಂಬುದು ಅವರು ಕೊಡುವ ಅತ್ಯುನ್ನತ ಪ್ರಶಸ್ತಿ. ಕೆಮ್ಮು ಕಡಿಮೆಯಾಗಿದೆ, ಅದನ್ನು ಅವರು ಹೆಂಡತಿಯ ಮುಂದೆ ಒಪ್ಪಿಕೊಂಡಿಲ್ಲ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಇರುಳಿಡೀ ಮಳೆ ಸುರಿದಿದ್ದಾಗ, ಮುನೀರ್ ಅಂಗಡಿಯಲ್ಲಿದ್ದಾಗಲೇ ಭಗವಂತರಾಯರ ಫೋನ್ ಬಂತು.

"ದೋಣಿ ತೇಲ್ಲಿಕತ್ತದ ಸಾಹೇಬ್ರ!"

"ಒಳಗೆ ನೀರಿದೆಯಾ?"

"ಅದ್ರಿ."

ಮುನೀರ್ ಕುರ್ಚಿಯಿಂದ ಎದ್ದರು. "ಎಲ್ಲಿಂದ ಬರ್ತಿದೆ?"

"ಮ್ಯಾಲಿಂದ್ರಿ. ಮಳಿ ಅಲ್ಲೇನ್ರಿ?"

"ಮೋಟಾರ್ ಹಾಕಿದ್ದಾರಾ?"

"ಮೋಟಾರ್ ಎಲ್ಲೀದ್ರಿ? ಸಂಘದಾಗ ಇನ್ನಾ ಮೀಟಿಂಗ್ ನಡದದ. ನಾನ ಮುಂದ ಹಗ್ಗ ಹಿಡದು ಎಳೀಲಿಕತ್ತೀನಿ. ಸೊಂಟದ ಮಟಾ ಅದ ನೀರು."

ಮೋಟಾರಿನ ಭಾರಕ್ಕೆಂದೇ ಎರಡು ಸಲ ಕಟ್ಟಿದ ಗೋಡೆ. ಮುನೀರ್ ಕೇಳಲೋ ಬೇಡವೋ ಎಂಬಂತೆ ಕೇಳಿದರು: "ಹಿಂದಿನ ಹಲಗೆ? ಅದಕ್ಕೇನು ಕಟ್ಟಿದ್ದೀರಿ?"

"ಏನೂ ಇಲ್ರಿ. ನಮ್ಮಾಕಿ ಅದಕ್ಕ ಬೆನ್ನು ಹಚ್ಚಿ ಕುಂತಾಳ. ತಡೀರಿ, ಮಾತಾಡ್ತಾಳಂತ."

ಫೋನು ಕೈ ಬದಲಾಯಿಸಿತು. ಹಿಂದಿನಿಂದ ನೀರು ಕಲಕುವ ಸದ್ದು ಕೇಳುತ್ತಿತ್ತು.

"ಸಾಹೇಬ್ರ, ಎರಡು ಬೋಲ್ಟ್ ಇಟ್ಟೀರಲ್ಲ, ಬೆನ್ನಿಗೆ ಚುಚ್ಚತಾವ್ರಿ" ಎಂದರು ಸುಭದ್ರಮ್ಮ.

"ಬಿಚ್ಬೇಡಿ ಅಮ್ಮ, ತೂತಾಗ್ತದೆ. ದಿಂಬು ಇಟ್ಕೊಳ್ಳಿ."

"ದಿಂಬು ತೊಯ್ದು ಹೋಗ್ಯದ" ಎಂದರು ಆಕೆ. ಕೈಯಿಂದ ಗೋಡೆ ತಟ್ಟಿ ನೋಡಿದ ಸದ್ದು ಕೇಳಿತು. "ಚುಚ್ಚಿದ್ರ ಚುಚ್ಚಲಿ ಬಿಡ್ರಿ. ಗಟ್ಟಿ ಅದ."